ಕೇರಿಯ ಕರೆಂಟು, ಬಾವಿ, ಗಟಾರ: ಹೆಂಗಸರ ಸಂಘ ಮಳೆಗಾಲಕ್ಕೆ ಮುಂಚೆ ಕೆಲ್ಸ ಶುರು ಮಾಡೋದು ಹೇಗೆ

ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಕತ್ತಲಲ್ಲಿ ಅಡುಗೆ ಮುಗಿಸೋದು, ನೀರು ತುಂಬಿಡೋದು, ಅತ್ತೆಯ ಮಾತ್ರೆ ಹುಡುಕೋದು, ಪಕ್ಕದ ಮನೆ ಬಾಣಂತಿಗೆ ಬಿಸಿನೀರು ಕೊಡೋದು ಎಲ್ಲಾ ಹೆಂಗಸರೇ, ಆದ್ರೆ ವಾರ್ಡಲ್ಲಿ ಸೋಲಾರ್ ಹಾಕ್ಬೇಕು ಗಟಾರ ತೆಗೆಸ್ಬೇಕು ಅಂತ ಒಂದು ಕಮಿಟಿ ಆದ ಕೂಡ್ಲೆ ಅಧ್ಯಕ್ಷರು ಒಬ್ಬ ಗಂಡಸು, ಕೀಲಿ ಇನ್ನೊಬ್ಬ ಗಂಡಸಿನ ಕಿಸೆಯಲ್ಲಿ, ಹೆಂಗಸರು ಫೋಟೋಕ್ಕೆ ನಿಲ್ಲೋಕೆ. ನಮ್ಮ ರಾಜ್ಯದ ನಗರಸಭೆಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲಿದೆ, ಕೇರಿ ಮಟ್ಟದಲ್ಲಿ ಮಾತ್ರ ಇನ್ನೂ ಹೀಗೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಎಲ್ಲೇ ಇರಿ, ಹೆಂಗಸರೇ ನಿಂತು ಈ ಕೆಲ್ಸ ಮಾಡೋದು ಹೇಗೆ ಅಂತ ನನಗೆ ಗೊತ್ತಿರೋದನ್ನ ಬರೀತೇನೆ.

ಹೊಸ ಸಂಘ ಕಟ್ಟಬೇಡಿ. ಕೇರಿಯಲ್ಲಿ ಈಗಾಗ್ಲೇ ವಾರದ ಸಂಘ ಒಂದಾದ್ರೂ ಇರ್ತದೆ, ಉಳಿತಾಯ ಕಟ್ಟೋಕೆ ಹೆಂಗಸರು ಹೆಂಗೂ ಸೇರ್ತಾರೆ, ಅದೇ ಸಭೆಗೆ ಅರ್ಧ ಗಂಟೆ ಜಾಸ್ತಿ ಸೇರಿಸಿ. ಆದ್ರೆ ಸಂಘದಲ್ಲಿ ಇಲ್ಲದವರನ್ನೂ ಕರೀಬೇಕು: ಮೀನು ಮಾರೋ ಅಕ್ಕ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಕಸದ ಗಾಡಿ ಜೊತೆ ಬರೋ ಪೌರಕಾರ್ಮಿಕ ಮಹಿಳೆ, ಬಾಡಿಗೆ ಮನೆಯವರು. ಬಾಡಿಗೆಯವರನ್ನ ಬಿಡಬೇಡಿ, ನೀರು ನುಗ್ಗೋ ತಗ್ಗಿನ ಮನೆಗಳಲ್ಲಿ ಹೆಚ್ಚಾಗಿ ಇರೋದು ಅವರೇ.

ಮೊದಲ ದಿನವೇ ಠರಾವು ಪುಸ್ತಕದಲ್ಲಿ ಮೂರು ವಿಷಯ ಬರೆದು ಎಲ್ಲರ ಸಹಿ ಹಾಕಿಸಿ. ಈ ಕೆಲ್ಸದ ದುಡ್ಡು ತೆಗೆಯೋಕೆ ಯಾರಿಬ್ಬರ ಸಹಿ ಬೇಕು, ಬ್ಯಾಟರಿ ಇಡೋ ಕೋಣೆ ಕೀಲಿ ಯಾರ ಹತ್ರ, ಲೈನ್‌ಮನ್‌ಗೆ, ನಗರಸಭೆಗೆ ಫೋನ್ ಮಾಡೋದು ಯಾರು. ಮೂರಕ್ಕೂ ಹೆಂಗಸರ ಹೆಸರೇ ಇರ್ಲಿ. ಗಂಡಸರು ಸಹಾಯಕ್ಕೆ ಬರ್ಲಿ, ಏಣಿ ಹತ್ತಲಿ, ಹೊಂಡ ತೋಡ್ಲಿ, ಬೇಡ ಅನ್ನೋಲ್ಲ, ಆದ್ರೆ ಕೀಲಿ ಕೈಯಲ್ಲಿಲ್ಲದವರ ಮಾತು ಸಭೇಲಿ ನಡೆಯೋಲ್ಲ, ಇದು ಎಲ್ಲಾ ಸಂಘದವರೂ ಕಂಡಿರೋದೇ. 1983ರ ಸೆಪ್ಟೆಂಬರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಕಾಡು ಉಳಿಸೋ ಅಪ್ಪಿಕೋ ಚಳವಳಿ ಶುರುವಾದಾಗ ಮರ ತಬ್ಬಿ ನಿಂತವರಲ್ಲಿ ಹೆಂಗಸರೂ ಇದ್ದರು. ಬಡಗೇರಿಯ ಸುಕ್ರಿ ಬೊಮ್ಮಗೌಡ ಸಾರಾಯಿ ವಿರುದ್ಧ ನಿಂತರು, ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವಿಡೀ ಸಸಿ ಬೆಳೆಸಿದರು, ಇಬ್ಬರಿಗೂ ಪದ್ಮಶ್ರೀ ಬಂತು. ಮುಂದೆ ನಿಲ್ಲೋದು ಈ ಜಿಲ್ಲೆ ಹೆಂಗಸರಿಗೆ ಹೊಸದೇನೂ ಅಲ್ಲ.

ಆಮೇಲೆ ಮನೆ ಲೆಕ್ಕ. ಒಂದು ನೂರು ಪೇಜಿನ ನೋಟ್‌ಬುಕ್ ತಗೊಂಡು ಇಬ್ಬಿಬ್ಬರು ಮನೆಮನೆಗೆ ಹೋಗಿ, ಗೂಗಲ್ ಫಾರ್ಮ್ ಬೇಡ, ಕೂತು ಮಾತಾಡಿದ್ರೆ ಮಾತ್ರ ನಿಜ ಹೊರಗೆ ಬರ್ತದೆ. "ಅಕ್ಕ, ಫ್ರಿಜ್ಜಲ್ಲಿ ಇನ್ಸುಲಿನ್ ಇಡ್ತೀರಾ? ಆಕ್ಸಿಜನ್ ಮಷಿನ್, ನೆಬ್ಯುಲೈಸರ್ ಇದ್ಯಾ? ಹಾಸಿಗೆ ಹಿಡಿದವರು? ಬಸುರಿ? ಕಳೆದ ವರ್ಷ ನೀರು ಎಲ್ಲಿ ತನಕ ಬಂದಿತ್ತು, ಗೋಡೆ ಮೇಲೆ ತೋರಿಸಿ." ಆ ಗೋಡೆ ಗುರುತನ್ನ ಅಳತೆ ಮಾಡಿ ಬರ್ಕೊಳ್ಳಿ. ಮಶೀನ್ ನಂಬಿ ಇರೋ ರೋಗಿಗಳ ಮನೆಗಳು ಮೊದಲ ಪುಟಕ್ಕೆ, ಕರೆಂಟ್ ಹೋದ್ರೆ ಮೊದಲು ಓಡ್ಬೇಕಾದ್ದು ಅಲ್ಲಿಗೆ. ಈ ಪುಸ್ತಕ ವಾಟ್ಸಾಪಿಗೆ ಹಾಕೋದಲ್ಲ, ಜನರ ಕಾಯಿಲೆ ಸುದ್ದಿ ಅದರಲ್ಲಿರ್ತದೆ.

ಈಗ ಕರೆಂಟ್ ಬಿಲ್. ಗೃಹಜ್ಯೋತಿ ಬಂದ ಮೇಲೆ ಸುಮಾರು ಮನೆಗಳಿಗೆ ಬಿಲ್ ಸೊನ್ನೆ, ಹಾಗಾಗಿ ಉಳಿತಾಯದ ಮಾತಾಡಿದ್ರೆ ಯಾರೂ ಕೇಳೋಲ್ಲ ಅಂತ ಬಿಟ್ಟುಬಿಡ್ತಾರೆ, ಆದ್ರೆ ಬಿಲ್ ಸರಿಯಾಗಿ ನೋಡಿ: ಪ್ರತಿ ಮನೆಗೂ ಹಳೆ ಬಳಕೆ ಮೇಲೆ ಬೇರೆ ಬೇರೆ ಮಿತಿ ಇದೆ, 200 ಯೂನಿಟ್ ದಾಟಿದ್ರೆ ಪೂರಾ ಬಿಲ್ ಕಟ್ಬೇಕು. 190-210ರ ಮಧ್ಯ ಓಡಾಡೋ ಮನೆಗಳನ್ನ ಹುಡುಕಿ ಮೊದಲು ಅವರಿಗೆ ಹೇಳಿ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದ್ರೆ 1 ಯೂನಿಟ್. ದಿನಾ ಐದು ಜನ ಹತ್ತತ್ತು ನಿಮಿಷ ಗೀಸರ್ ಓಡಿಸಿದ್ರೆ ತಿಂಗಳಿಗೆ 50 ಯೂನಿಟ್ ಬಚ್ಚಲಲ್ಲೇ ಹೋಗ್ತದೆ! ಅಂಗಡಿ, ಖಾನಾವಳಿ, ಟೇಲರಿಂಗ್ ಅಂಗಡಿಯ ಕಮರ್ಷಿಯಲ್ ಮೀಟರಿಗೆ ಗೃಹಜ್ಯೋತಿ ಇಲ್ಲ, ಅಲ್ಲಿ ಉಳಿಸಿದ್ದೆಲ್ಲಾ ನೇರ ದುಡ್ಡು. ಹಳೆ ಫ್ಯಾನು ಸುಮಾರು 75 ವ್ಯಾಟು, ಕರೆಂಟ್ ಕಡಿಮೆ ತಿನ್ನೋ ಹೊಸ ಥರದ ಬಿಎಲ್‌ಡಿಸಿ ಫ್ಯಾನು ಸುಮಾರು 30, ದಿನಕ್ಕೆ 10 ಗಂಟೆ ತಿರುಗಿದ್ರೆ ತಿಂಗಳಿಗೆ ಒಂದು ಫ್ಯಾನಿಗೆ 13 ಯೂನಿಟ್ ಉಳೀತದೆ. ಸಂಘದ ಸಾಲದಲ್ಲಿ ಫ್ಯಾನ್ ಕೊಡಿಸಿ, ಬಿಲ್ಲಲ್ಲಿ ಕಡಿಮೆ ಆದ ದುಡ್ಡು ಕಂತಿಗೆ ಹಾಕ್ಸಿ.

ಸೋಲಾರ್ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗೋದು ಒಂದೇ ಕಡೆ, ಅದನ್ನ ಬಿಡಿಸಿ ಹೇಳ್ತೇನೆ. ಪಿಎಂ ಸೂರ್ಯಘರ್‌ನಲ್ಲಿ ಮನೆ ಮೇಲೆ ಹಾಕಿಸಿದ್ರೆ ಕೇಂದ್ರದ ಸಬ್ಸಿಡಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಮೇಲೆ ಆದ್ರೆ ಒಟ್ಟು 78,000. ಅಪಾರ್ಟ್‌ಮೆಂಟಿನ ಕಾಮನ್ ಲೈಟು ಪಂಪಿಗೆ ಕಿಲೋವ್ಯಾಟಿಗೆ 18,000. ಒಳ್ಳೇದೇ. ಆದ್ರೆ ಮಾಮೂಲಿ ಆನ್-ಗ್ರಿಡ್ ಸೋಲಾರ್, ಅಂದ್ರೆ ಬ್ಯಾಟರಿ ಇಲ್ಲದೇ ನೇರ ಲೈನಿಗೆ ಸೇರಿಸಿದ್ದು, ಕರೆಂಟ್ ಹೋದ ಕ್ಷಣ ತಾನೂ ಆಫ್ ಆಗ್ತದೆ, ಹಾಗೇ ಮಾಡಿಟ್ಟಿರ್ತಾರೆ, ಇಲ್ಲಾಂದ್ರೆ ನಿಮ್ಮ ಮಾಡಿನ ಕರೆಂಟು ಲೈನಿಗೆ ಹೋಗಿ ಕಂಬದ ಮೇಲಿರೋ ಲೈನ್‌ಮನ್ ಜೀವಕ್ಕೆ ಅಪಾಯ. ಅಂದ್ರೆ ಲಕ್ಷಗಟ್ಟಲೆ ಕೊಟ್ಟು ಹಾಕ್ಸಿದ ಮೇಲೂ ಗಾಳಿಮಳೆ ರಾತ್ರಿ ನಿಮ್ಮನೆ ಕತ್ತಲೇ! ಕತ್ತಲಿಗೆ ಬೇಕಾದ್ದು ಬ್ಯಾಟರಿ. ಹಾಗಾಗಿ ಬಿಲ್ ಉಳಿಸೋ ಸೋಲಾರ್ ಬೇರೆ, ಕಷ್ಟಕಾಲದ ಸೋಲಾರ್ ಬೇರೆ ಅಂತ ಸಭೇಲಿ ಬಿಡಿಸಿ ಹೇಳಿ, ಅಂಗಡಿಯವರು ಹೇಳಲಿ ಅಂತ ಕಾಯಬೇಡಿ. ಇನ್ನೊಂದು, ಎಷ್ಟೋ ಮನೆ ಮೀಟರ್ ಇನ್ನೂ ತೀರಿಹೋದ ಮಾವನವರ ಹೆಸರಲ್ಲೇ ಇರ್ತದೆ, ಅರ್ಜಿ ಅಲ್ಲೇ ಸಿಕ್ಕಿ ಬೀಳ್ತದೆ, ಮೊದಲು ಹೆಸರು ಬದಲಿಸಿ. ಬದಲಿಸುವಾಗ ಹೆಂಗಸಿನ ಹೆಸರಿಗೆ ಬರ್ಲಿ ಅಂತ ಮನೇಲಿ ಮಾತಾಡಿ, ಇದೂ ಈ ಕೆಲ್ಸದ ಭಾಗವೇ ಅಂತ ನಾನು ಅಂದುಕೊಂಡಿದ್ದೇನೆ.

ಸಂಘದಿಂದ ಮೊದಲು ಹಾಕೋದಾದ್ರೆ ಮನೆಮನೆಗೆ ಬೇಡ, ಅಂಗನವಾಡಿಯೋ ಸಮುದಾಯ ಭವನವೋ, ಎತ್ತರದಲ್ಲಿರೋ ಒಂದು ಜಾಗಕ್ಕೆ ಸಣ್ಣ ಬ್ಯಾಟರಿ ಸೋಲಾರ್ ಸಾಕು. ಲೆಕ್ಕ ಹೀಗೆ: 9 ವ್ಯಾಟಿನ 4 ಎಲ್ಇಡಿ 5 ಗಂಟೆ ಉರಿದ್ರೆ 180 ವ್ಯಾಟ್-ಅವರ್, ಒಂದು ಫೋನ್ ಫುಲ್ ಚಾರ್ಜಿಗೆ ಸುಮಾರು 20, ಇಪ್ಪತ್ತು ಫೋನಿಗೆ 400, ಒಟ್ಟು 580, ಇನ್ವರ್ಟರ್ ತಿನ್ನೋದು ಸೇರಿ 700 ಅಂತ ಹಿಡೀರಿ. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರೀಲಿ 1800 ವ್ಯಾಟ್-ಅವರ್ ಇರ್ತದೆ, ಬಾಳಿಕೆ ಬರ್ಬೇಕಂದ್ರೆ ಅರ್ಧ ಮಾತ್ರ ಬಳಸ್ಬೇಕು, ಅಂದ್ರೂ 900, ಒಂದು ರಾತ್ರಿಗೆ ಧಾರಾಳ ಆಯ್ತು. 1 ಕಿಲೋವ್ಯಾಟ್ ಪ್ಯಾನಲ್ ಒಳ್ಳೆ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡ್ತದೆ, ಆಷಾಢದ ಮೋಡಕ್ಕೆ ಅರ್ಧಕ್ಕಿಂತ ಕೆಳಗೆ ಇಳೀತದೆ, ಅದಕ್ಕೆ ಕರೆಂಟ್ ಇದ್ದಾಗ ಲೈನಿಂದಲೂ ಚಾರ್ಜ್ ಆಗೋ ಹಾಗೆ ಮಾಡಿಸಿ. ಕೋಡಿಬಾಗ, ಬೈತಖೋಲ ಕಡೆ ಸಮುದ್ರದ ಉಪ್ಪುಗಾಳಿಗೆ ಸಾದಾ ಬೋಲ್ಟು ತುಕ್ಕು ಹಿಡಿದು ಹೋಗ್ತದೆ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಮತ್ತೆ ಅಲ್ಯುಮಿನಿಯಂ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಸ್ಟ್ಯಾಂಡು ಅಂತ ಕೊಟೇಶನ್‌ನಲ್ಲೇ ಬರೆಸಿ. ಡಿಸ್ಟಿಲ್ಡ್ ವಾಟರ್ ಹಾಕೋದು, ಟರ್ಮಿನಲ್ ಒರೆಸಿ ವ್ಯಾಸ್ಲೀನ್ ಹಚ್ಚೋದು, ಫ್ಯೂಸ್ ಬದಲಿಸೋದು ಇಷ್ಟನ್ನ ಹಾಕೋಕೆ ಬಂದವರ ಹತ್ರ ಇಬ್ಬರು ಹೆಂಗಸರು ಕೈಯಲ್ಲೇ ಮಾಡಿ ಕಲೀಬೇಕು, ನೋಡಿ ಕಲಿತದ್ದು ಮಳೆ ರಾತ್ರಿ ನೆನಪಾಗೋಲ್ಲ.

ಇನ್ನು ಬಾವಿ. ಗಟಾರದ ನೀರು ಬಾವಿಗೆ ನುಗ್ಗಿದ್ರೆ ಮೊದಲು ಕೆಸರು ನೀರು ಪಂಪ್ ಹಾಕಿ ತೆಗೆಸಿ, ಆಮೇಲೆ ಬ್ಲೀಚಿಂಗ್ ಪೌಡರ್. ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಅಂದ್ರೆ 3.14 ಗುಣಿಸು 2 ಗುಣಿಸು 2, ನಾಲ್ಕರಿಂದ ಭಾಗಿಸಿ 3ರಿಂದ ಗುಣಿಸಿದ್ರೆ 9.4 ಘನ ಮೀಟರ್, ಅಂದ್ರೆ 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಮಿನ ಹಾಗೆ ಸುಮಾರು 24 ಗ್ರಾಮ್ ಒಳ್ಳೆ ಪೌಡರ್ ಬೇಕು, ಮಾಮೂಲಿ ನೀರಿಗೆ. ನೆರೆ ನೀರು ಹೊಕ್ಕ ಬಾವಿಗೆ ಇನ್ನೂ ಜಾಸ್ತಿ ಬೇಕಾಗ್ತದೆ, ಎಷ್ಟು ಅಂತ ಆಶಾ ಮೂಲಕ ಆರೋಗ್ಯ ಇಲಾಖೆಯವರನ್ನ ಕೇಳಿ. ಪುಡಿಯನ್ನ ನೇರ ಬಾವಿಗೆ ಸುರೀಬೇಡಿ. ಬಕೆಟಲ್ಲಿ ಸ್ವಲ್ಪ ನೀರಲ್ಲಿ ಕಲಸಿ, ಮತ್ತೆ ನೀರು ಸೇರಿಸಿ ಹತ್ತು ನಿಮಿಷ ಬಿಟ್ರೆ ಸುಣ್ಣ ತಳಕ್ಕೆ ಕೂರ್ತದೆ, ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಅಲ್ಲಾಡಿಸಿ. ಒಂದು ಗಂಟೆ ಯಾರೂ ಸೇದಬಾರದು. ಅಷ್ಟಾದ್ರೂ ಕುಡಿಯೋಕೆ ಕುದಿಸಿದ ನೀರೇ ಆಗ್ಬೇಕು, ನೆರೆ ಇಳಿದ ಮೇಲೆ ಇಲಿಜ್ವರ, ವಾಂತಿಭೇದಿ ಹೆದರಿಕೆ ಇರ್ತದೆ.

ಗಟಾರದ ವಿಷಯಕ್ಕೆ ಮೀನು ಮಾರೋ ಅಕ್ಕಂದಿರನ್ನ ಕೇಳಿ, ಭರತಿ (ಸಮುದ್ರದ ಉಬ್ಬರ) ಯಾವಾಗ ಅಂತ ಅವರಿಗೆ ಬಾಯಲ್ಲೇ ಗೊತ್ತು. ಸಮುದ್ರ ಭರತಿ ಇದ್ದಾಗ ಜೋರು ಮಳೆ ಬಂದ್ರೆ ಗಟಾರದ ನೀರು ಹೊರಗೆ ಹೋಗೋಕೆ ದಾರಿಯೇ ಇಲ್ಲ, ಅಮಾವಾಸ್ಯೆ ಹುಣ್ಣಿಮೆ ಹತ್ರ ಇನ್ನೂ ಜಾಸ್ತಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಅಂದ್ರೆ 24 ಗಂಟೇಲಿ 204 ಮಿಲಿಮೀಟರಿಗೂ ಮೇಲೆ ಬರೋ ಸಾಧ್ಯತೆ. ಅಲರ್ಟ್ ಬಂದ ಕೂಡ್ಲೆ ಅವತ್ತಿನ ಭರತಿ ಟೈಮ್ ಜೊತೆ ಸೇರಿಸಿ ಗುಂಪಿಗೆ ಒಂದೇ ಮೆಸೇಜ್ ಹೋಗ್ಬೇಕು, ಅದನ್ನ ಹಾಕೋರು ಒಬ್ಬರೇ ಇರ್ಲಿ. 2019ರ ಆಗಸ್ಟಲ್ಲಿ ಕದ್ರಾ ಡ್ಯಾಮಿಂದ ನೀರು ಬಿಟ್ಟಾಗ ಕಾಳಿ ದಂಡೆ ಊರುಗಳಿಗೆ ನೀರು ಹೊಕ್ಕಿದ್ದು, 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದು ಹೈವೇ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ರಸ್ತೆ ಬಂದ್ ಆಗೋ ಲೆಕ್ಕದಲ್ಲೇ ಒಂದು ವಾರದ ಔಷಧಿ, ಅಕ್ಕಿ, ಮೇಣದಬತ್ತಿ ಇಟ್ಕೊಳ್ಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಕರೆಂಟ್ ಕಂಪನಿ ಹೆಸ್ಕಾಂ 1912, ಬೇರೆ ಎಲ್ಲಾ ತುರ್ತಿಗೆ 112, ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೀರಿ, ಪಕ್ಕದಲ್ಲೇ ಕರೆಂಟ್ ಬಿಲ್ಲಲ್ಲಿರೋ ಮನೆಯ ಆರ್‌ಆರ್ ನಂಬರ್.

ಕಸದ ಬಗ್ಗೆ ಜಾಸ್ತಿ ಹೇಳೋಲ್ಲ, ಹಸಿ, ಒಣ, ಪ್ಯಾಡು-ಡೈಪರು, ಬಲ್ಬು-ಬ್ಯಾಟರಿ ಅಂತ ಬೇರೆ ಮಾಡೋದು ಎಲ್ಲರಿಗೂ ಗೊತ್ತು, ಮೀನಿನ ಹೊಟ್ಟೆ-ಗಿಟ್ಟೆ ಗಟಾರಕ್ಕೆ ಹೋಗದೇ ಹೊಂಡದಲ್ಲಿ ಒಣ ಎಲೆ ಕೆಳಗೆ ಹೋದ್ರೆ ಅರ್ಧ ಗೆದ್ದ ಹಾಗೆ. ತೆಂಗಿನ ಬುಡ ಇದ್ರೆ ಇನ್ನೂ ಒಳ್ಳೇದು.

ನಗರಸಭೆಗೆ ಬಾಯಿಮಾತಲ್ಲಿ ಹೇಳಬೇಡಿ. ಏಪ್ರಿಲಲ್ಲೇ ಅರ್ಜಿ ಎರಡು ಪ್ರತಿ ಬರೆದು, ಯಾವ ಗಟಾರ ಎಲ್ಲಿಂದ ಎಲ್ಲಿ ತನಕ, ಯಾವ ಕಂಬದ ಲೈಟು ಅಂತ ಸ್ಪಷ್ಟ ಹಾಕಿ, ಗೋಡೆ ಗುರುತಿನ ಅಳತೆ ಸೇರಿಸಿ, ಆಫೀಸಿನ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು, ನಂಬರ್ ಹಾಕಿಸ್ಕೊಂಡು ಬನ್ನಿ. ಮೂರು ನಾಲ್ಕು ಜನ ಒಟ್ಟಿಗೆ ಹೋಗಿ, ಪ್ರತಿ ಸಲ ಒಬ್ಬ ಹೊಸಬರನ್ನ ಕರ್ಕೊಂಡು ಹೋಗಿ, ಆಫೀಸಿನ ಮೆಟ್ಟಿಲು ಹತ್ತೋ ಹೆದರಿಕೆ ಹಾಗೇ ಹೋಗೋದು. ಮಳೆ ನಿಂತ ಮೇಲೆ ದಸರೆ ಒಳಗೆ ಒಂದು ಸಭೆ ಇಟ್ಟು ಲೆಕ್ಕ ಓದಿ, ಬ್ಯಾಟರಿ ನೀರು ನೋಡಿ, ಮನೆ ಲೆಕ್ಕದ ಪುಸ್ತಕದಲ್ಲಿ ಹೋದವರು ಬಂದವರ ಹೆಸರು ತಿದ್ದಿ, ಸಹಿ ಮತ್ತೆ ಕೀಲಿ ಮುಂದಿನ ವರ್ಷಕ್ಕೆ ಬೇರೆ ಇಬ್ಬರಿಗೆ ಠರಾವು ಮಾಡಿ ಕೊಡಿ, ಅವರಲ್ಲಿ ಒಬ್ಬಳಾದ್ರೂ ಮೂವತ್ತರ ಕೆಳಗಿನವಳು ಇರ್ಲಿ.