ಎದೆಯುರಿ ಇರುವವರ ರಾತ್ರಿಯೂಟ ರಾಮನಗರದಲ್ಲೇ ಮುಗಿಯಲಿ

ಮಂಡ್ಯದಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನಮ್ಮಂಥವರ ಚೀಲದಲ್ಲಿ ಪಾಸು, ಊಟದ ಡಬ್ಬಿ, ಗ್ಯಾಸ್ಟ್ರಿಕ್ ಮಾತ್ರೆ ಇದ್ದೇ ಇರುತ್ತವೆ. ಮಾತ್ರೆ ಮರೆತು ಬಂದವರಿಗೆ ಪಕ್ಕದ ಸೀಟಿನವರು ಕಡಲೆಕಾಯಿ ಹಂಚಿದಷ್ಟೇ ಸಲೀಸಾಗಿ ಒಂದನ್ನು ಕಿತ್ತು ಕೊಡುತ್ತಾರೆ. ನನಗೂ ಎದೆಯುರಿ, ಹುಳಿತೇಗು ವರ್ಷಗಳಿಂದ ಅಂಟಿಕೊಂಡಿವೆ. ವೈದ್ಯರಿಗೆ ತೋರಿಸಿ, ಎಂಡೋಸ್ಕೋಪಿ ಮಾಡಿಸಿ, ಹುಣ್ಣಿಲ್ಲ, ಇದು ಜಠರದ ಆಮ್ಲ ಮೇಲೇರುವ ತೊಂದರೆ ಎಂದು ಖಾತ್ರಿಯಾದ ಮೇಲೆ ಮನೆಯಲ್ಲಿ ಒಂದೊಂದೇ ಬದಲಾವಣೆ ಮಾಡುತ್ತ ಬಂದೆ. ನಮ್ಮ ಸೀಮೆಯಲ್ಲಿ ಎದೆಯುರಿದರೆ ಎಲ್ಲರೂ ಖಾರವನ್ನು ಬೈಯುತ್ತಾರೆ, ಗಡಿಯಾರವನ್ನು ಯಾರೂ ಬೈಯುವುದಿಲ್ಲ. ನನ್ನ ತಕರಾರು ಗಡಿಯಾರದ ಮೇಲೆ.

ಅನ್ನನಾಳವು ಜಠರವನ್ನು ಸೇರುವಲ್ಲಿ ಉಂಗುರಾಕಾರದ ಒಂದು ಸ್ನಾಯು ಇದೆ. ನುಂಗಿದಾಗ ತೆರೆಯುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಅದು ಸಡಿಲವಾದರೆ, ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೊಂಡರೆ, ಆಮ್ಲ ಮೇಲಕ್ಕೆ ಬರುತ್ತದೆ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ, ಅನ್ನನಾಳಕ್ಕೆ ಅಷ್ಟಿಲ್ಲ, ಹಾಗಾಗಿ ಉರಿಯುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡಾಗ ಆ ಸ್ನಾಯು ಇನ್ನೂ ಸುಲಭವಾಗಿ ಬಿಟ್ಟುಕೊಡುತ್ತದೆ. ಕುಳಿತಿದ್ದರೆ ಭೂಮಿಯ ಸೆಳೆತವಾದರೂ ಆಮ್ಲವನ್ನು ಕೆಳಗೆ ಹಿಡಿದಿಡುತ್ತದೆ. ಮಲಗಿದರೆ ಅದೂ ಇಲ್ಲ. ನಿದ್ದೆಯಲ್ಲಿ ನಾವು ಜೊಲ್ಲು ನುಂಗುವುದೂ ಕಡಿಮೆಯಾದ್ದರಿಂದ ಮೇಲೆ ಬಂದ ಆಮ್ಲ ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ರಾತ್ರಿಯ ಕೆಮ್ಮು, ಬೆಳಗಿನ ಒಡಕು ದನಿ, ಬಾಯಿ ಹುಳಿ, ಎಲ್ಲಕ್ಕೂ ಇದೇ ಮೂಲವಿರಬಹುದು.

ಉಪಾಯಗಳಿಗೆ ಹೋಗುವ ಮೊದಲು ಒಂದು ಎಚ್ಚರಿಕೆ. ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಹೆಚ್ಚು ಉರಿ ಬರುತ್ತಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ. ನುಂಗಿದ ತುತ್ತು ಸಿಕ್ಕಿಕೊಂಡಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತವಾಂತಿಯಾದರೆ, ಮಲ ಕಪ್ಪಾದರೆ ಮನೆಮದ್ದಿನ ಮಾತೇ ಬೇಡ. ಎದೆ ಹಿಂಡಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಡಿದರೆ ಸೋಡ ಕುಡಿಸಿ ನೋಡೋಣ ಎನ್ನುವವರನ್ನು ಬದಿಗೆ ಸರಿಸಿ ಇಸಿಜಿ ಮಾಡಿಸಿ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ಈಗ ಗಡಿಯಾರಕ್ಕೆ ಬರೋಣ. ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಇರಬೇಕು ಎನ್ನುತ್ತಾರೆ. ಮನೆ ಮುಟ್ಟುವಾಗ ಎಂಟೂವರೆ, ಒಂಬತ್ತೂವರೆಗೆ ಬಿಸಿ ಮುದ್ದೆ, ಬೆಳಿಗ್ಗೆ ಐದಕ್ಕೆ ಏಳಬೇಕಾದ್ದರಿಂದ ಹತ್ತೂವರೆಗೆ ದಿಂಬು. ಹೀಗಿರುವವರು ಆ ಮೂರು ಗಂಟೆಯನ್ನು ಎಲ್ಲಿಂದ ತರುವುದು? ಮಲಗುವುದನ್ನು ಮುಂದೂಡಲಾಗದು, ಊಟವನ್ನೇ ಹಿಂದಕ್ಕೆ ತರಬೇಕು. ನಾನು ಬೆಳಿಗ್ಗೆ ಎರಡು ಡಬ್ಬಿ ಕಟ್ಟಿಕೊಳ್ಳುತ್ತೇನೆ. ಎರಡನೆಯದು ಸಂಜೆಯ ರೈಲಿಗೆ. ಸೆಖೆಯಲ್ಲಿ ಸಂಜೆಯವರೆಗೆ ಕೆಡದಂಥದ್ದು ಬೇಕು, ಹಾಗಾಗಿ ಚಪಾತಿ ಮತ್ತು ನೀರಿನಂಶ ಇಲ್ಲದ ಪಲ್ಯ. ಕಾಯಿ ಹಾಕುವುದಿಲ್ಲ. ಕೆಂಗೇರಿ ದಾಟಿದ ಮೇಲೆ ತೆರೆದರೆ ರಾಮನಗರದ ಹೊತ್ತಿಗೆ ಕೈ ತೊಳೆಯಬಹುದು. ಸೀಟು ಸಿಗುವ ಭರವಸೆ ಇಲ್ಲದ ದಿನ ಕಚೇರಿಯಲ್ಲೇ ತಿಂದು ಹೊರಡುವುದು ಲೇಸು. ಇದರಿಂದ ಇನ್ನೊಂದು ಲಾಭವಿದೆ. ಮದ್ದೂರಿನಲ್ಲಿ ವಡೆಯ ಬುಟ್ಟಿ ಬೋಗಿಗೆ ಬರುವಾಗ ಹೊಟ್ಟೆ ಹಸಿದಿರುವುದಿಲ್ಲ. ಮದ್ದೂರು ವಡೆಯ ಮೇಲೆ ನನಗೆ ದ್ವೇಷವಿಲ್ಲ, ಆದರೆ ಕರಿದ ತಿಂಡಿ ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ರಾತ್ರಿ ಹೊತ್ತಿನಲ್ಲಿ ಅದು ದುಬಾರಿ.

ಮನೆಗೆ ಬಂದ ಮೇಲೆ ಹಸಿವಾದರೆ ಒಂದು ಲೋಟ ತೆಳುವಾದ ರಾಗಿಗಂಜಿ ಸಾಕು. ‘ಮುದ್ದೆ ಉಣ್ಣದೆ ಮಲಗಿದರೆ ನಿದ್ದೆ ಬರುತ್ತದೇನಮ್ಮ’ ಎಂದು ಅತ್ತೆಯವರು ಕೇಳುತ್ತಲೇ ಇದ್ದರು. ಅವರ ಸಮಾಧಾನಕ್ಕೆ ಮುದ್ದೆಯನ್ನು ರಜಾದಿನದ ಮಧ್ಯಾಹ್ನಕ್ಕೆ ವರ್ಗಾಯಿಸಿದೆವು. ರಾಗಿಯದೇನೂ ತಪ್ಪಿಲ್ಲ. ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಹಾಗಾಗಿ ಸಾಕು ಎನ್ನಿಸುವ ಮೊದಲೇ ಹೊಟ್ಟೆ ತುಂಬಿ ಹೋಗಿರುತ್ತದೆ. ಅರ್ಧ ಮುದ್ದೆ ಹಾಕಿಸಿಕೊಂಡು ತುತ್ತು ಚಿಕ್ಕದು ಮಾಡಿ.

ಊಟದ ಹೊತ್ತಿನ ನಂತರ ನನಗೆ ಅತಿ ಹೆಚ್ಚು ನೆರವಾದದ್ದು ಮಂಚ. ಮಂಚದ ತಲೆಯ ಕಡೆಯ ಎರಡು ಕಾಲುಗಳನ್ನು ಆರರಿಂದ ಎಂಟು ಅಂಗುಲ, ಅಂದರೆ 15ರಿಂದ 20 ಸೆಂಟಿಮೀಟರು ಎತ್ತರಿಸಬೇಕು. ಇಟ್ಟಿಗೆ ಇಟ್ಟರೆ ಮಗ್ಗುಲು ಬದಲಾಯಿಸಿದಾಗ ಕಾಲು ಜಾರುತ್ತದೆ. ನಾನು ಬಡಗಿಯಿಂದ ಎರಡು ಮರದ ತುಂಡುಗಳನ್ನು ಮಾಡಿಸಿದೆ. ಪ್ರತಿಯೊಂದರ ನೆತ್ತಿಯಲ್ಲಿ ಮಂಚದ ಕಾಲಿನ ಅಳತೆಗೆ ಬೆರಳು ದಪ್ಪದಷ್ಟು ಆಳದ ಗುಳಿ ತೋಡಿ, ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ಬಡಿದುಕೊಟ್ಟರು. ಗುಳಿಯಲ್ಲಿ ಕಾಲು ಕೂತರೆ ಅಲ್ಲಾಡುವುದಿಲ್ಲ, ರಬ್ಬರಿನಿಂದ ನೆಲದ ಮೇಲೆ ಜಾರುವುದಿಲ್ಲ. ಮೊದಮೊದಲು ಯಜಮಾನರು ರಾತ್ರಿಯಿಡೀ ಕಾಲಕಡೆಗೆ ಸರಿದುಹೋಗುತ್ತಿದ್ದೇನೆ ಎಂದು ದೂರಿದರು, ಆಮೇಲೆ ಅಭ್ಯಾಸವಾಯಿತು. ಎರಡು ಮೂರು ದಿಂಬು ಪೇರಿಸಿಕೊಳ್ಳುವುದು ಇದಕ್ಕೆ ಬದಲಿಯಲ್ಲ. ದಿಂಬಿನಿಂದ ಕುತ್ತಿಗೆ, ಸೊಂಟ ಬಾಗಿ ಹೊಟ್ಟೆಯ ಮೇಲೆ ಒತ್ತಡ ಹೆಚ್ಚುತ್ತದೆ. ನೆಲದ ಮೇಲೆ ಮಲಗುವವರು ಸೊಂಟದಿಂದ ಮೇಲಕ್ಕೆ ಇಳಿಜಾರಾಗುವಂತೆ ಹಾಸಿಗೆಯ ಕೆಳಗೆ ಕಂಬಳಿಗಳನ್ನು ಮಡಿಸಿಡಬಹುದು. ಎಡಮಗ್ಗುಲಾಗಿ ಮಲಗಿ. ಆಗ ಜಠರದ ಬಹುಭಾಗ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ.

ಊಟವಾದ ಕೂಡಲೇ ಬಗ್ಗಿ ನೆಲ ಒರೆಸಬೇಡಿ, ಲಂಗದ ಲಾಡಿ, ಬೆಲ್ಟು ಒಂದು ಸುತ್ತು ಸಡಿಲವಿರಲಿ. ಮೈಸೂರಿನಲ್ಲಿ ಯೋಗದ ತರಗತಿಗೆ ಹೋಗುವವರು, ಹೊಟ್ಟೆ ಮೇಲಾಗಿ ತಲೆ ಕೆಳಗಾಗುವ ಸರ್ವಾಂಗಾಸನ, ಹಲಾಸನ ಮಾಡಿಸುವ ಮೊದಲೇ ನಿಮ್ಮ ಎದೆಯುರಿಯ ವಿಷಯವನ್ನು ಗುರುಗಳಿಗೆ ಹೇಳಿಬಿಡಿ. ಸೊಂಟದ ಸುತ್ತ ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ಉಪಯೋಗ ಕಾಣುತ್ತದೆ. ಬೀಡಿ, ಸಿಗರೇಟು ಆ ಸ್ನಾಯುವನ್ನು ಸಡಿಲಿಸುತ್ತವೆ, ಮದ್ಯವೂ ಹಾಗೆಯೇ. ಅವನ್ನು ಬಿಡದೆ ಸಾರಿನ ಮೆಣಸಿನಕಾಯಿ ಎಣಿಸುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಯಾವ ಆಹಾರ ಯಾರಿಗೆ ಆಗದು ಎಂಬುದಕ್ಕೆ ಎಲ್ಲರಿಗೂ ಒಂದೇ ಪಟ್ಟಿ ಇಲ್ಲ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ತಿಂದ ಹೊತ್ತು, ಉರಿ ಬಂದ ಹೊತ್ತು ಇಷ್ಟನ್ನೇ ಬರೆಯಿರಿ. ನನ್ನ ಪುಸ್ತಕದಲ್ಲಿ ಸಿಕ್ಕಿಬಿದ್ದವು ಬರಿಹೊಟ್ಟೆಯ ಕಾಫಿ, ಉಪ್ಸಾರಿನ ಖಾರ, ಟೊಮೆಟೊ ಗೊಜ್ಜು. ಬಸ್ಸಾರು ನಿರಪರಾಧಿ. ಕಾಫಿಯನ್ನು ಬಿಡಲಾಗಲಿಲ್ಲ, ತಿಂಡಿಯ ನಂತರಕ್ಕೆ ಸರಿಸಿದೆ.

ಮನೆಮದ್ದುಗಳ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಪುದೀನ ತಂಪು ಎನ್ನುತ್ತಾರೆ, ಆದರೆ ಅದು ಸ್ನಾಯುವನ್ನು ಸಡಿಲಿಸಿ ಕೆಲವರಲ್ಲಿ ಉರಿ ಹೆಚ್ಚಿಸುತ್ತದೆ. ಬೆಳಗಿನ ನಿಂಬೆ-ಜೇನು ನೀರು ಆಮ್ಲಕ್ಕೆ ಆಮ್ಲ ಸೇರಿಸಿದಂತೆ. ತಣ್ಣನೆಯ ಹಾಲು ಗಳಿಗೆಯ ಹೊತ್ತು ಹಿತ, ಆಮೇಲೆ ಜಠರ ಇನ್ನಷ್ಟು ಆಮ್ಲ ಸುರಿಸುತ್ತದೆ. ಅಡುಗೆ ಸೋಡ ಆಮ್ಲವನ್ನು ತಣಿಸುವುದು ನಿಜ, ಜೊತೆಗೆ ಗಾಳಿ ತುಂಬಿಸಿ ತೇಗು ತರಿಸುತ್ತದೆ. ಅದರಲ್ಲಿರುವ ಸೋಡಿಯಂ ಬಿಪಿ ಇರುವವರಿಗೆ ಒಳ್ಳೆಯದಲ್ಲ. ಜೇಷ್ಠಮಧುವನ್ನು ದಿನವೂ ಸೇವಿಸಿದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಜೀರಿಗೆ ಕುದಿಸಿದ ನೀರು, ಹುಳಿಯಾಗದ ನೀರುಮಜ್ಜಿಗೆ, ಬಾರ್ಲಿ ಗಂಜಿ, ಬೂದುಗುಂಬಳದ ಪಲ್ಯ, ಏಲಕ್ಕಿ ಬಾಳೆ ನನಗೆ ಒಗ್ಗುತ್ತವೆ. ಇವು ಉರಿಯನ್ನು ಗುಣಪಡಿಸುತ್ತವೆ ಎಂದಲ್ಲ, ಕೆರಳಿಸುವುದಿಲ್ಲ ಅಷ್ಟೇ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಮನೆಮದ್ದಿನ ಸಾಲಿನಲ್ಲಿ ಬರದಿದ್ದರೂ ಊಟದ ನಂತರ ಅರ್ಧ ಗಂಟೆ ಅಗಿದರೆ ಜೊಲ್ಲು ಹೆಚ್ಚಿ ಅನ್ನನಾಳದ ಆಮ್ಲವನ್ನು ತೊಳೆಯುತ್ತದೆ.

ಕಾಸು ಖರ್ಚಿಲ್ಲದ ಇನ್ನೊಂದು ಉಪಾಯ ಹೊಟ್ಟೆಯ ಉಸಿರಾಟ. ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಆ ಉಂಗುರಕ್ಕೆ ಹೊರಗಿನಿಂದ ಬಿಗಿ ಕೊಡುತ್ತದೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ ಇಟ್ಟು, ಕೆಳಗಿನ ಕೈ ಮಾತ್ರ ಏಳುವಂತೆ ಮೂಗಿನಿಂದ ಉಸಿರೆಳೆದು ನಿಧಾನವಾಗಿ ಬಿಡಿ. ನಾನು ಬೆಳಗಿನ ರೈಲಿನಲ್ಲಿ ಕಣ್ಣುಮುಚ್ಚಿ ಮಾಡುತ್ತೇನೆ. ನಿದ್ದೆ ಎಂದುಕೊಂಡು ಯಾರೂ ಮಾತಾಡಿಸುವುದಿಲ್ಲ, ಅದೂ ಒಂದು ಉಪಕಾರ.

ಮಾತ್ರೆ ನುಂಗುವವರು ಗಮನಿಸಿ: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯವನ್ನು ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ವಡೆ ತಿಂದ ಮೇಲೆ ನುಂಗಿದರೆ ಪೂರ್ತಿ ಫಲವಿಲ್ಲ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಿ. ಮೈಕೈ ನೋವಿನ ಮಾತ್ರೆ, ಬಿಪಿಯ ಕೆಲವು ಮಾತ್ರೆಗಳೂ ಉರಿ ಹೆಚ್ಚಿಸುವುದುಂಟು. ನೀವಾಗಿಯೇ ನಿಲ್ಲಿಸದೆ, ಬದಲಿ ಇದೆಯೇ ಎಂದು ಅವರನ್ನೇ ಕೇಳಿ.

ಇನ್ನು ಮಂಡ್ಯದವರಿಗೆ ತಪ್ಪದ ಬೀಗರೂಟ. ಅದು ಮಧ್ಯಾಹ್ನದ ಊಟ, ಉಣ್ಣಿ. ಉಂಡು ಚಪ್ಪರದಡಿ ಅಡ್ಡಾಗಬೇಡಿ, ರಾತ್ರಿ ಒಲೆ ಹಚ್ಚಬೇಡಿ. ಕಷ್ಟವಿರುವುದು ಆರತಕ್ಷತೆಯಲ್ಲಿ, ಅಲ್ಲಿ ಎಲೆ ಹಾಕುವ ಹೊತ್ತಿಗೆ ಹತ್ತಾಗಿರುತ್ತದೆ. ಏಳಕ್ಕೇ ಮನೆಯಲ್ಲಿ ಉಂಡು ಹೊರಡಿ. ಊಟ ಮಾಡದೆ ಹೋಗುವಂತಿಲ್ಲ ಎಂದು ಬೀಗರು ಕೈಹಿಡಿದರೆ ಪಂಕ್ತಿಯಲ್ಲಿ ಕುಳಿತು ಎರಡು ತುತ್ತು ಮೊಸರನ್ನ ಹಾಕಿಸಿಕೊಳ್ಳಿ. ಪೂರಿಯ ಬುಟ್ಟಿ ಬಂದಾಗ ಬಾಯಲ್ಲಿ ಬೇಡ ಎಂದರೆ ಬಡಿಸುವವರು ಕೇಳುವುದಿಲ್ಲ, ಎರಡೂ ಕೈ ಎಲೆಗೆ ಅಡ್ಡ ಹಿಡಿಯಿರಿ.