ಫೋನಿನಲ್ಲಿ ಕೇಳಿದ ಪ್ರಶ್ನೆ, ಮಧ್ಯದ ಉತ್ತರ

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಗ ಖರ್ಚಿಗಾಗುತ್ತದೆಂದು ಸಮೀಕ್ಷಾ ಕೇಂದ್ರದಲ್ಲಿ ಸಂಜೆಯ ಕೆಲಸಕ್ಕೆ ಸೇರಿದ್ದೆ. ಪರದೆಯ ಮೇಲೆ ಬಂದ ಪ್ರಶ್ನೆಯನ್ನು ಒಂದಕ್ಷರವೂ ಬದಲಿಸದೆ ಫೋನಿನಲ್ಲಿ ಓದಬೇಕು, ಉತ್ತರದ ಅಂಕಿ ಒತ್ತಬೇಕು, ಮುಂದಕ್ಕೆ ಹೋಗಬೇಕು. ತೆರಿಗೆ, ಶಾಲೆ, ರಸ್ತೆಯ ಪ್ರಶ್ನೆಗಳಿಗೆ ಜನ ಪಟಪಟನೆ ಉತ್ತರ ಹೇಳುತ್ತಿದ್ದರು. ಕಪ್ಪು ಜನರ ಬಗ್ಗೆ ಕೇಳಿದ ಕೂಡಲೇ ಆ ಕಡೆ ಸದ್ದಡಗುತ್ತಿತ್ತು. ಒಬ್ಬ ವಯಸ್ಸಾದ ಬಿಳಿಯ ಹೆಂಗಸು ನನ್ನ ಉಚ್ಚಾರ ಕೇಳಿ, "ನೀವು ಎಲ್ಲಿಯವರು?" ಅಂದರು. ಇಂಡಿಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಧ್ಯದ್ದನ್ನೇ ಹಾಕಿಕೊಳ್ಳಿ" ಅಂದರು. ನಾನು 3 ಒತ್ತಿದೆ. ಒಪ್ಪುವುದೂ ಅಲ್ಲ, ಒಪ್ಪದಿರುವುದೂ ಅಲ್ಲ.

ಆ 'ಹಾಗಾದರೆ' ನನ್ನ ತಲೆಯಿಂದ ಇಳಿಯಲೇ ಇಲ್ಲ. ಬೇರೆ ಯಾರೋ ಕೇಳಿದ್ದರೆ ಆಕೆ ಬೇರೆ ಅಂಕಿ ಹೇಳುತ್ತಿದ್ದರೋ ಏನೋ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಇದು ನನ್ನೊಬ್ಬನ ಅನುಭವವಲ್ಲ. 1989ರ ವರ್ಜೀನಿಯಾ ಗವರ್ನರ್ ಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿ ಡಗ್ಲಸ್ ವೈಲ್ಡರ್ ಸುಲಭವಾಗಿ ಗೆಲ್ಲುತ್ತಾರೆ ಎಂದು ಸಮೀಕ್ಷೆಗಳು ಹೇಳಿದ್ದವು. ಗೆದ್ದರು, ಆದರೆ 7,000ಕ್ಕೂ ಕಡಿಮೆ ಮತಗಳ ಅಂತರದಲ್ಲಿ. ಫೋನ್ ಮಾಡಿದವರು ಕಪ್ಪು ಜನರಾಗಿದ್ದಾಗ ಹೆಚ್ಚು ಬಿಳಿಯರು ವೈಲ್ಡರ್‌ಗೆ ಮತ ಹಾಕುತ್ತೇವೆ ಎಂದಿದ್ದರೆಂದು ಸಂಶೋಧಕರು ಅಂಕಿಅಂಶ ತೆರೆದು ತೋರಿಸಿದರು. ಎಲ್ಲ ಕಾಲಕ್ಕೂ ಇದು ಹೀಗೇ ಎನ್ನಲಾಗದು; 2008ರಲ್ಲಿ ಒಬಾಮ ನಿಂತಾಗ ಸಮೀಕ್ಷೆಗೂ ಮತಕ್ಕೂ ನಡುವೆ ಅಂಥ ದೊಡ್ಡ ಅಂತರ ಕಾಣಲಿಲ್ಲ.

ಮುಂದೆ ನನ್ನ ಪ್ರಬಂಧಕ್ಕೆ ಅಮೆರಿಕನ್ ನ್ಯಾಷನಲ್ ಎಲೆಕ್ಷನ್ ಸ್ಟಡೀಸ್ ಎಂಬ ಮತದಾರರ ಸಮೀಕ್ಷೆಯ ದತ್ತಾಂಶ ತೆಗೆದುಕೊಂಡೆ. ಅದರಲ್ಲಿ ಕಪ್ಪು ಜನರ ಬಗೆಗಿನ ಅಸಮಾಧಾನ ಅಳೆಯುವ 'ರೇಷಿಯಲ್ ರಿಸೆಂಟ್‌ಮೆಂಟ್' ಎಂಬ ಮಾಪಕವಿದೆ, 1980ರ ದಶಕದಿಂದ ಬಳಕೆಯಲ್ಲಿರುವುದು. ನಾಲ್ಕು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಉತ್ತರ. ಐರಿಷರು, ಇಟಾಲಿಯನ್ನರು, ಯಹೂದಿಗಳು ಪೂರ್ವಗ್ರಹ ಮೀರಿ ಮೇಲೆ ಬಂದರು, ಕಪ್ಪು ಜನರೂ ವಿಶೇಷ ಸವಲತ್ತಿಲ್ಲದೆ ಹಾಗೇ ಬರಲಿ ಎನ್ನುತ್ತದೆ ಒಂದು. ಗುಲಾಮಗಿರಿ ಮತ್ತು ತಾರತಮ್ಯದ ತಲೆಮಾರುಗಳೇ ಅವರ ಏಳಿಗೆಗೆ ಅಡ್ಡಿಯಾಗಿವೆ ಎನ್ನುತ್ತದೆ ಇನ್ನೊಂದು. ಎರಡು ಹೇಳಿಕೆಗಳಿಗೆ ಒಪ್ಪಿದರೆ ಅಸಮಾಧಾನ ಹೆಚ್ಚೆಂದು ಅರ್ಥ, ಉಳಿದೆರಡಕ್ಕೆ ಒಪ್ಪದಿದ್ದರೆ ಹೆಚ್ಚೆಂದು ಅರ್ಥ.

ನಾನು ಇದನ್ನು ಗಮನಿಸದೆ ನಾಲ್ಕನ್ನೂ ಹಾಗೇ ಕೂಡಿಸಿಬಿಟ್ಟೆ. ಮತದಾನಕ್ಕೂ ಧೋರಣೆಗೂ ಸಂಬಂಧವೇ ಇಲ್ಲ ಎಂದು ಬಂತು. ಮೂರು ವಾರ ಅದನ್ನೇ ನಂಬಿಕೊಂಡು ಒಂದು ಅಧ್ಯಾಯ ಬರೆದೆ. ನಮ್ಮ ಪ್ರೊಫೆಸರ್ ಓದಿ, "ನಾಲ್ಕೂ ಒಂದಕ್ಕೊಂದು ಹೊಂದುತ್ತವೆಯೇ ನೋಡಿದಿರಾ?" ಎಂದು ಕೇಳಿದರು. ನೋಡಿದರೆ ಎರಡು ಜೋಡಿಗಳು ಒಂದನ್ನೊಂದು ಕತ್ತರಿಸಿ ಹಾಕುತ್ತಿದ್ದವು. ಎರಡು ಹೇಳಿಕೆಗಳ ಅಂಕವನ್ನು ತಿರುಗಿಸಿದೆ, 1 ಇದ್ದದ್ದು 5, 2 ಇದ್ದದ್ದು 4. ಅಧ್ಯಾಯ ಪೂರ್ತಿ ಬುಡಮೇಲಾಯಿತು. ಅಂದಿನಿಂದ ಯಾವ ಮಾಪಕ ಕೈಗೆ ಬಂದರೂ ಮೊದಲು ಕೋಡ್‌ಬುಕ್ಕಿನಲ್ಲಿ, ಅಂದರೆ ಪ್ರಶ್ನೆ ಮತ್ತು ಅಂಕಿಗಳ ಅರ್ಥ ಕೊಡುವ ಕೈಪಿಡಿಯಲ್ಲಿ, ಪ್ರಶ್ನೆಯ ಪೂರ್ಣ ವಾಕ್ಯ ಓದುತ್ತೇನೆ, ಆಮೇಲೇ ಅಂಕಿ ಮುಟ್ಟುವುದು.

ಸಾರ್ವಜನಿಕ ನೀತಿಯ ಕಡೆ ಬಂದಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದೇ ಒಂದು ಪದ. ಅಮೆರಿಕನ್ನರ ಅಭಿಪ್ರಾಯ ಕೇಳುವ ಜನರಲ್ ಸೋಷಿಯಲ್ ಸರ್ವೇ ಎಂಬ ಸಮೀಕ್ಷೆಯಲ್ಲಿ ಸರ್ಕಾರದ ಖರ್ಚಿನ ಬಗ್ಗೆ ಒಂದು ಪ್ರಶ್ನೆಯಿದೆ. ಕೆಲವರಿಗೆ 'ಬಡವರಿಗೆ ನೆರವು' ಎಂದು ಕೇಳುತ್ತಾರೆ, ಕೆಲವರಿಗೆ 'ವೆಲ್ಫೇರ್' ಎಂದು; ಅದು ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ನೆರವಿಗೆ ಅಲ್ಲಿನ ಹೆಸರು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಬಡವರಿಗೆ ನೆರವು ಎಂದರೆ ಬಹುಪಾಲು ಜನ ಖರ್ಚು ಸಾಲದು ಎನ್ನುತ್ತಾರೆ; ವೆಲ್ಫೇರ್ ಎಂದರೆ ಹಾಗೆನ್ನುವವರು ಅದಕ್ಕಿಂತ ಬಹಳ ಕಡಿಮೆ. ಆ ಪದಕ್ಕೆ ಅಮೆರಿಕದಲ್ಲಿ ಬಣ್ಣ ಅಂಟಿಕೊಂಡದ್ದು ಹೇಗೆ ಎಂಬುದನ್ನು ರಾಜ್ಯಶಾಸ್ತ್ರಜ್ಞ ಮಾರ್ಟಿನ್ ಗಿಲೆನ್ಸ್ ತೋರಿಸಿದ್ದಾರೆ: ಸುದ್ದಿ ಪತ್ರಿಕೆ, ಟೀವಿಗಳು ಬಡತನದ ಚಿತ್ರ ಹಾಕುವಾಗ ಕಪ್ಪು ಮುಖಗಳನ್ನು ಬಡವರಲ್ಲಿ ಅವರ ನಿಜವಾದ ಪಾಲಿಗಿಂತ ಬಹಳ ಹೆಚ್ಚಾಗಿ ತೋರಿಸಿದವು. ನೋಡುಗರು ಹಾಗೇ ನಂಬಿದರು. 1996ರಲ್ಲಿ ಆ ಯೋಜನೆಯನ್ನೇ ಬದಲಿಸುವ ಕಾನೂನಿಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದಾಗ ನೆರವಿನ ಮೇಲೆ ಐದು ವರ್ಷದ ಮಿತಿ ಬಿತ್ತು. ಬಿಳಿಯ ಬಡ ತಾಯಂದಿರಿಗೂ ಅದೇ ಮಿತಿ.

ನೇರವಾಗಿ ಕೇಳಿದರೆ ಮಧ್ಯದ ಉತ್ತರ ಸಿಗುವುದಾದರೆ ಸುತ್ತಿ ಬಳಸಿ ಕೇಳಬೇಕು. ನಾನು ಹೆಚ್ಚು ನೆಚ್ಚುವುದು ಪಟ್ಟಿ ಪ್ರಯೋಗವನ್ನು. ಅರ್ಧ ಜನರ ಮುಂದೆ, ಸಿಟ್ಟು ತರಿಸಬಹುದಾದ ಮೂರು ವಿಷಯ ಓದಿ, "ಯಾವುದು ಎಂದು ಹೇಳಬೇಡಿ, ಎಷ್ಟು ಎಂದಷ್ಟೇ ಹೇಳಿ" ಎನ್ನುತ್ತೇವೆ. ಉಳಿದರ್ಧಕ್ಕೆ ಅದೇ ಮೂರರ ಜೊತೆ ನಾಲ್ಕನೆಯದು: ಪಕ್ಕದ ಮನೆಗೆ ಕಪ್ಪು ಕುಟುಂಬ ಬರುವುದು. ಮೊದಲ ಗುಂಪಿನ ಸರಾಸರಿ 2.0, ಎರಡನೆಯದರದು 2.3 ಬಂದಿತೆನ್ನಿ, ಶೇ. 30ರಷ್ಟು ಜನರಿಗೆ ಅದು ಸಿಟ್ಟು ತರಿಸಿದೆ. ಯಾರಿಗೆ ಎಂದು ನನಗೂ ಗೊತ್ತಾಗುವುದಿಲ್ಲ. ಗುಪ್ತ ಮತದಾನದಂತೆಯೇ ಇದು. ಹೆಸರು ಗೊತ್ತಾಗದ ಅಂಥ ಕಡೆ ಬೇರೆಯೇ ಉತ್ತರ ಬರುತ್ತದೆ: ಅಲಬಾಮಾದಲ್ಲಿ ಅಂತರ್ಜನಾಂಗೀಯ ವಿವಾಹದ ನಿಷೇಧವನ್ನು ಆ ರಾಜ್ಯದ ಸಂವಿಧಾನದಿಂದ ತೆಗೆಯಬೇಕೇ ಎಂದು 2000ರಲ್ಲಿ ಮತಕ್ಕೆ ಹಾಕಿದರು. ಸುಪ್ರೀಂ ಕೋರ್ಟು 1967ರಲ್ಲೇ ಅಂಥ ನಿಷೇಧಗಳನ್ನು ರದ್ದುಮಾಡಿತ್ತು. ಆದರೂ ಸುಮಾರು ಶೇ. 40ರಷ್ಟು ಮತಗಳು ನಿಷೇಧ ಉಳಿಯಲಿ ಎಂದೇ ಬಿದ್ದವು.

ರಿಸೆಂಟ್‌ಮೆಂಟ್ ಮಾಪಕದ ಮೇಲೆ ಹಳೆಯದೊಂದು ತಕರಾರಿದೆ, ಅದು ನ್ಯಾಯವಾದದ್ದೂ ಹೌದು. 'ಸ್ವಂತ ದುಡಿಮೆಯಿಂದ ಮೇಲೆ ಬರಬೇಕು' ಎಂದು ಎಲ್ಲರ ವಿಷಯದಲ್ಲೂ ನಂಬುವವನನ್ನು ಅದು ದ್ವೇಷಿಗಳ ಸಾಲಿಗೆ ಸೇರಿಸಿಬಿಡಬಹುದು. ಅದಕ್ಕೇ ಪಕ್ಷ, ರಾಜಕೀಯ ಒಲವು, ಆದಾಯ, ಓದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಏನು ಉಳಿಯುತ್ತದೆ ಎಂದು ನೋಡುತ್ತೇನೆ. ಬಾಹ್ಯಾಕಾಶ ಯೋಜನೆಯ ಖರ್ಚಿನಂಥ, ಜನಾಂಗದ ಸುಳಿವೇ ಇಲ್ಲದ ವಿಷಯಕ್ಕೂ ಅದೇ ಮಾಪಕ ಹಚ್ಚುತ್ತೇನೆ. ಅಲ್ಲೂ ಅಷ್ಟೇ ಬಲವಾಗಿ ಕಂಡರೆ ನಾನು ಅಳೆಯುತ್ತಿರುವುದು ಬೇರೇನನ್ನೋ. ಒಬ್ಬ ಮತದಾರನ ಅಂಕ ನೋಡಿ 'ಇವನು ಇಂಥವನು' ಎಂದು ನಾನು ಎಂದೂ ಬರೆದಿಲ್ಲ. ಸಾವಿರಾರು ಜನರ ಒಲವು ಯಾವ ಕಡೆಗೆ ವಾಲುತ್ತದೆ ಎಂದಷ್ಟೇ ಹೇಳಬಲ್ಲೆ.

ಈಗ ನಾನೇ ಪ್ರಶ್ನಾವಳಿ ತಯಾರಿಸುವಾಗ ಪ್ರಶ್ನೆ ಕೇಳಿದವರ ಜನಾಂಗ, ವಯಸ್ಸು, ಉಚ್ಚಾರ ಎಂದು ಮೂರು ಕಾಲಂ ಇಡುತ್ತೇನೆ. ದತ್ತಾಂಶ ಬಂದ ದಿನ ಮೊದಲು ತೆರೆಯುವುದೂ ಅದನ್ನೇ, ಯಾರು ಕೇಳಿದಾಗ ಎಷ್ಟು ಜನ 3 ಹೇಳಿದರು ಎಂದು.