ಎರೆ ಮಣ್ಣಿನಲ್ಲಿ ಡೇಟಾ ಸೆಂಟರ್ ಟ್ರೆಂಚ್: ನನ್ನ ಅನುಭವ

ದಾವಣಗೆರೆ ಹೊರವಲಯದಲ್ಲಿ ಒಂದು ಚಿಕ್ಕ ಡೇಟಾ ಸೆಂಟರ್ (ಹಗಲೂ ರಾತ್ರಿ ಓಡುವ ಸರ್ವರ್ ಕಂಪ್ಯೂಟರ್‌ಗಳ ಕಟ್ಟಡ) ಎದ್ದಾಗ, ಕೇಬಲ್ ಹೂಳುವ ಟ್ರೆಂಚ್ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೂ ಮುಂಚೆ ಲೇಔಟ್‌ಗಳಿಗೆ ನೀರಿನ ಪೈಪು, ಯುಜಿಡಿ (ಒಳಚರಂಡಿ), ಬೀದಿ ದೀಪದ ಕೇಬಲ್ ಹಾಕಿ ಅಭ್ಯಾಸ ಇತ್ತು. ಅಗೆಯುವ ಕೆಲಸ ಇಲ್ಲೂ ಅದೇ. ಮುಚ್ಚುವುದು ಮಾತ್ರ ಪೂರ್ತಿ ಬೇರೆ.

ಮೊದಲು ಹಳೆಯ ಲೈನ್ ಹುಡುಕಿದೆವು. 2023ರಲ್ಲಿ ಬಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಅರ್ಜಿ ಹಾಕಿದೆ. ಆದರೆ ಹೊಲದ ಬೋರ್‌ವೆಲ್ ಪೈಪು ಯಾವ ಆ್ಯಪ್‌ನಲ್ಲಿರುತ್ತೆ ಹೇಳಿ? ಆ ಜಮೀನು ಉಳುತ್ತಿದ್ದ ಅಜ್ಜನನ್ನೇ ಕರೆತಂದೆವು. "ಇಲ್ಲಿಂದ ಆ ಬೇವಿನ ಮರದ ತನಕ ಪೈಪ್ ಐತಿ ನೋಡಪ್ಪಾ" ಅಂದರು. ಅಲ್ಲಿ ಜೆಸಿಬಿ ನಿಲ್ಲಿಸಿ, ಸಲಿಕೆಯಲ್ಲಿ ಗುಂಡಿ ತೋಡಿ ನೋಡಿದರೆ ಪೈಪು ಇತ್ತು.

11 ಕೆವಿ (11,000 ವೋಲ್ಟ್) ಕರೆಂಟ್ ಕೇಬಲ್ ಮೇಲೆ 90 ಸೆಂ.ಮೀ. ಮಣ್ಣು ಇರಬೇಕು, ಅಷ್ಟಕ್ಕೆ ಅಗೆದೆವು. ಒಂದೂವರೆ ಮೀಟರ್‌ಗಿಂತ ಆಳ ಹೋದ ಕಡೆ ಹಲಗೆ ಆನಿಸದೆ ಯಾರನ್ನೂ ಇಳಿಸಲಿಲ್ಲ. ಎರೆ ಮಣ್ಣಿನ ಗೋಡೆ ಒಣಗಿದ್ದಾಗ ಕಲ್ಲಿನಂತೆ ನಿಂತಿರುತ್ತೆ. ಒಂದು ಮಳೆ ಬಿದ್ದರೆ ಸುಳಿವೇ ಕೊಡದೆ ಕುಸಿಯುತ್ತೆ.

ಇನ್ನು ಮುಚ್ಚುವ ವಿಷಯ. ಮನೆಗಳ ಕೇಬಲ್‌ಗೆ ರಾತ್ರಿ ಲೋಡ್ ಇಳಿಯುತ್ತೆ, ತಣ್ಣಗಾಗಲು ಬಿಡುವು ಸಿಗುತ್ತೆ. ಸರ್ವರ್‌ಗಳಿಗೆ ರಾತ್ರಿ ಅನ್ನುವುದೇ ಇಲ್ಲ. ಕೇಬಲ್ ಬಿಸಿಯೆಲ್ಲ ಸುತ್ತಲ ಮಣ್ಣಿನ ಮೂಲಕವೇ ಹೊರಗೆ ಹೋಗಬೇಕು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ಬಿರುಕಿನಲ್ಲಿ ಗಾಳಿ ತುಂಬಿದರೆ ಬಿಸಿ ದಾಟುವುದಿಲ್ಲ, ಕೇಬಲ್ ಒಳಗೊಳಗೇ ಬೇಯುತ್ತೆ. ಮಣ್ಣು ಬಿಸಿಯನ್ನು ಎಷ್ಟು ತಡೆಯುತ್ತೆ ಅನ್ನುವುದಕ್ಕೆ ಒಂದು ಅಳತೆ ಇದೆ, ಅದು ಹೆಚ್ಚಾದಷ್ಟೂ ಕೇಬಲ್‌ಗೆ ಕಷ್ಟ. ಕೇಬಲ್ ಎಷ್ಟು ಕರೆಂಟ್ ಹೊರಬಹುದು ಅಂತ ಕಂಪನಿ ಕೊಡುವ ಆಂಪಿಯರ್ ಪಟ್ಟಿ ಸಾಮಾನ್ಯವಾಗಿ 150 ಡಿಗ್ರಿ-ಸೆಂ.ಮೀ. ಪ್ರತಿ ವ್ಯಾಟ್ ತಡೆಯುವ ಮಣ್ಣಿನ ಲೆಕ್ಕದ್ದು. ಒಣ ಮಣ್ಣು ಅದನ್ನು ಸುಲಭವಾಗಿ ಮೀರುತ್ತೆ. ಅದಕ್ಕೇ ಮಣ್ಣಿಗೆ ಸೂಜಿ ಚುಚ್ಚಿ ಈ ತಡೆಯನ್ನು ಅಳೆಯುವ ಪರೀಕ್ಷೆ ಮಾಡಿಸಿದೆ, ಅದೂ ಮಣ್ಣನ್ನು ಒಣಗಿಸಿ. ಹಸಿ ಮಣ್ಣಿನ ರಿಪೋರ್ಟ್ ನೋಡಿ ಸಮಾಧಾನ ಪಟ್ಟುಕೊಂಡು ಏನು ಪ್ರಯೋಜನ?

ಅಗೆದ ಮಣ್ಣನ್ನು ಕೇಬಲ್ ಹತ್ತಿರಕ್ಕೂ ಬಿಡಲಿಲ್ಲ. ಬರೀ ಮರಳೂ ಸಾಲದು. ಒಂದೇ ಗಾತ್ರದ ಕಾಳು ಒಣಗಿದರೆ ನಡುವೆ ಸಂದು ಉಳಿಯುತ್ತೆ. ದಪ್ಪ ಮರಳು, ಸಣ್ಣ ಮರಳು, ಕ್ರಷರ್ ಪುಡಿ ಬೆರೆಸಿ, ನೀರು ಚಿಮುಕಿಸಿ, ತೆಳು ಪದರ ಪದರವಾಗಿ ದಮ್ಮಸ್ಸು ಮಾಡಿದೆವು. ಚಿತ್ರದುರ್ಗದ ಕಡೆ ಕಲ್ಲಿಗೆ ಬರ ಇಲ್ಲ ಬಿಡಿ, ಪುಡಿ ಸಿಕ್ಕಿತು. ಲಾರಿ ಬಾಡಿಗೆ ಮಾತ್ರ ಜಾಸ್ತಿ ಬಂತು. "ಸುಮ್ನೆ ದುಡ್ಡು ಮಣ್ಣಿಗೆ ಹಾಕ್ತಿದೀರಿ" ಅಂತ ಮೇಸ್ತ್ರಿ ಗೊಣಗಿದರು. ಅಕ್ಷರಶಃ ನಿಜವೇ! ಕೇಬಲ್‌ಗಳ ನಡುವೆಯೂ ಜಾಗ ಬಿಟ್ಟೆವು, ಪಕ್ಕಪಕ್ಕ ಒತ್ತಿ ಮಲಗಿಸಿದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತೆ. ಮೇಲೆ ಇಟ್ಟಿಗೆ, ಅದರ ಮೇಲೆ ಎಚ್ಚರಿಕೆ ಟೇಪು.

ಇಂಟರ್ನೆಟ್ ತರುವ ಫೈಬರ್ ವಿಷಯದಲ್ಲಿ ಜಗಳವೇ ಆಯಿತು. ಒಂದು ಕಡಿದರೆ ಇನ್ನೊಂದು ಇರಲಿ ಅಂತ ಎರಡು ಲೈನ್ ಇದ್ದವು. ಎರಡೂ ಲೈನನ್ನು ಒಂದೇ ಟ್ರೆಂಚ್‌ನಲ್ಲಿ ಹಾಕಿ ಖರ್ಚು ಉಳಿಸಿ ಅಂತ ಒತ್ತಾಯ ಬಂತು. ಜೆಸಿಬಿಯ ಒಂದು ಬಕೆಟ್ ಏಟಿಗೆ ಎರಡೂ ಹೋಗುವುದಾದರೆ ಎರಡನೆಯದು ಯಾಕೆ ಬೇಕು ಅಲ್ವಾ? ಕಟ್ಟಡದ ಎದುರುಬದುರು ದಿಕ್ಕಿನಿಂದಲೇ ತಂದೆವು.

ಮುಚ್ಚುವ ಮುಂಚೆ ಅಳತೆ ಟೇಪು ಹಿಡಿದು ಫೋಟೋ ತೆಗೆದು, ಆಳ ಅಗಲ ನಕ್ಷೆಗೆ ಏರಿಸಿದೆ. ಮುಂದಿನ ಕೇಬಲ್‌ಗೆ ಅಂತ ಹೂತ ಖಾಲಿ ಡಕ್ಟ್‌ಗಳಲ್ಲಿ (ಕೊಳವೆಗಳಲ್ಲಿ) ಕೇಬಲ್ ಎಳೆಯುವ ಹಗ್ಗ ಬಿಟ್ಟು, ಎರಡೂ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿಸಿದೆ. ಇಲ್ಲದಿದ್ದರೆ ಮೊದಲ ಮಳೆಗೇ ಎರೆ ಕೆಸರು ಒಳಗಿಳಿದು ಗಟ್ಟಿಯಾಗುತ್ತೆ, ಮುಂದೆ ಕೇಬಲ್ ಎಳೆಯಲು ಮತ್ತೆ ಅಗೆಯಬೇಕಾಗುತ್ತೆ.